ಎರಡು ಸೀಟಿನ ಪಕ್ಷ

ಎಲ್ಲರಿಗೂ ನಮಸ್ಕಾರ. ನನ್ನ ಪಾಲಿಗೆ ಬಂದಿರುವುದು ಬ್ರಿಟನ್ನಿನ ನ್ಯಾಷನಲ್ ಪಾರ್ಟಿ. ಹೆಸರೇ ಕೇಳಿಲ್ಲ ಅಂದರೆ ಬೇಸರ ಬೇಡ, ಅಲ್ಲಿಯವರೇ ಮರೆತಿದ್ದಾರೆ. ವಲಸೆ ಬಂದವರ ವಿರುದ್ಧ ದ್ವೇಷ ಹಬ್ಬಿಸುತ್ತಿದ್ದ ಕಟ್ಟಾ ಬಲಪಂಥೀಯ ಪಕ್ಷ ನ್ಯಾಷನಲ್ ಫ್ರಂಟ್, ಅದರಿಂದ ಒಡೆದ ಚೂರು ಇದು.

ಒಡೆದದ್ದು ಯಾಕೆ? ಸಿದ್ಧಾಂತ ಗಿದ್ಧಾಂತ ಅಂತ ಅವರು ಹೇಳಿಕೊಂಡರು. ನನಗೆ ಕಾಣುವುದು ಕುರ್ಚಿ ಜಗಳ. 1974ರಲ್ಲಿ ಜಾನ್ ಟಿಂಡಲ್‌ನನ್ನು ಇಳಿಸಿ ಜಾನ್ ಕಿಂಗ್ಸ್ಲಿ ರೀಡ್ ಫ್ರಂಟಿನ ಅಧ್ಯಕ್ಷನಾದ. ಟಿಂಡಲ್ 60ರ ದಶಕದಲ್ಲಿ ನಾಜಿ ಮಾದರಿಯ ಯೂನಿಫಾರ್ಮ್ ಹಾಕಿ ಫೋಟೊ ತೆಗೆಸಿಕೊಂಡಿದ್ದವನು. ರೀಡ್ ಬಣಕ್ಕೆ ಆ ಫೋಟೊ ತಲೆನೋವು. ಓಟು ಬೇಕಲ್ವಾ? ಟಿಂಡಲ್‌ನನ್ನು ಹೊರಹಾಕಿದರು. ಅವನು ಕೋರ್ಟಿಗೆ ಹೋಗಿ ಗೆದ್ದ. ರೀಡ್ ತನ್ನವರನ್ನು ಕರಕೊಂಡು ಹೊರಬಂದು ಬೇರೆ ಅಂಗಡಿ ಇಟ್ಟ. ಹೊಸ ವರ್ಷಕ್ಕೆ, ಅಂದರೆ 1976ಕ್ಕೆ, ಹೊಸ ಬೋರ್ಡು.

ನಗಬೇಡಿ. ಅದೇ ಮೇ ತಿಂಗಳಲ್ಲಿ ಬ್ಲ್ಯಾಕ್‌ಬರ್ನ್ ನಗರಸಭೆಯಲ್ಲಿ ಇವರು ಎರಡು ಸೀಟು ಗೆದ್ದರು. ಹತ್ತಿ ಗಿರಣಿಗಳ ಊರು ಅದು. ಗುಜರಾತಿನಿಂದ, ಪಾಕಿಸ್ತಾನದಿಂದ ಹೋದವರು ಗಿರಣಿಗಳಲ್ಲಿ ರಾತ್ರಿ ಪಾಳಿ ದುಡಿಯುತ್ತಿದ್ದರು. ಚುನಾವಣೆಯ ವಾರವೇ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ: ಆಫ್ರಿಕಾದ ಮಲಾವಿಯಿಂದ ಹೊರದಬ್ಬಿಸಿಕೊಂಡು ಬಂದ ಏಷ್ಯನ್ ಕುಟುಂಬಗಳಿಗೆ ಸರ್ಕಾರಿ ಖರ್ಚಿನಲ್ಲಿ ಸ್ಟಾರ್ ಹೋಟೆಲಂತೆ! ಮನೆ ಸಿಗುವ ತನಕ ಎಲ್ಲಾದರೂ ಇರಿಸಬೇಕಲ್ಲ, ಅದನ್ನು ಯಾರೂ ದಪ್ಪಕ್ಷರದಲ್ಲಿ ಬರೆಯಲಿಲ್ಲ. ರೀಡ್‌ಗೆ ಸುಮ್ನೆ ಕೂತಲ್ಲೇ ಪ್ರಚಾರ ಸಿಕ್ಕಿತು.

ಈಗ ನಾನು ಹೇಳಲೇಬೇಕಾದ ಕಥೆ. ಸ್ವಲ್ಪ ಉದ್ದ, ಸಹಿಸಿಕೊಳ್ಳಿ. 1976ರ ಜೂನ್ 4ರಂದು ಲಂಡನ್ನಿನ ಸೌತಾಲ್‌ನಲ್ಲಿ ಗುರ್ದೀಪ್ ಸಿಂಗ್ ಚಗ್ಗರ್ ಎಂಬ 18ರ ಹುಡುಗನನ್ನು ಇರಿದು ಕೊಂದರು. ಕೆಲವೇ ದಿನಗಳಲ್ಲಿ ರೀಡ್ ಸಭೆಯೊಂದರಲ್ಲಿ ಹೇಳಿದ: 'ಒಬ್ಬ ಹೋದ, ಇನ್ನು ಹತ್ತು ಲಕ್ಷ ಬಾಕಿ.' ಕೇಸಾಯಿತು. ಆಗಿನ ಕಾನೂನಿನಲ್ಲಿ ಜನಾಂಗ ದ್ವೇಷ ಕೆರಳಿಸುವ ಉದ್ದೇಶವಿತ್ತು ಅಂತ ಸಾಬೀತು ಮಾಡಬೇಕಿತ್ತು. ಮನಸ್ಸಿನೊಳಗೆ ಇದ್ದದ್ದನ್ನು ತೋರಿಸುವುದು ಹೇಗೆ? 1978ರ ಜನವರಿಯಲ್ಲಿ ಜ್ಯೂರಿ ಬಿಟ್ಟುಬಿಟ್ಟಿತು. ಅದಕ್ಕಿಂತ ಜಾಸ್ತಿ ಬೆರಗು ನ್ಯಾಯಾಧೀಶ ಮೆಕಿನನ್ ಅವರದು. ಶಾಲೆಯಲ್ಲಿ ತನ್ನನ್ನೂ ಹುಡುಗರು ಜನಾಂಗ ನಿಂದನೆಯ ಹೆಸರಿಟ್ಟು ಕರೆಯುತ್ತಿದ್ದರು, ತನಗೇನೂ ಆಗಲಿಲ್ಲ ಎಂಬ ಧಾಟಿಯಲ್ಲಿ ಜ್ಯೂರಿಗೆ ಹೇಳಿದರು. ಕೊನೆಗೆ ರೀಡ್‌ಗೆ 'ನಿಮಗೆ ಒಳ್ಳೆಯದಾಗಲಿ' ಅಂತ ಹಾರೈಸಿ ಕಳಿಸಿದರು! ಗಲಾಟೆಯಾದ ಮೇಲೆ, ಇಂಥ ಕೇಸು ನನಗೆ ಬೇಡ ಎಂದರು.

ಅದಕ್ಕೇ ಹೇಳಿದ್ದು ನಗಬೇಡಿ ಅಂತ. ಎರಡು ಸೀಟಿನ ಪಕ್ಷದ ಮಾತನ್ನು ಕೋರ್ಟಿನ ಪೀಠವೇ ಸಲೀಸಾಗಿ ತಗೊಂಡಿತು. ಸೌತಾಲ್‌ನ ಹುಡುಗರು ಮಾತ್ರ ಕೋರ್ಟಿಗೆ ಕಾಯಲಿಲ್ಲ. ಚಗ್ಗರ್ ಸತ್ತ ಬೆನ್ನಿಗೇ ಯುವಕರ ಸಂಘ ಕಟ್ಟಿ ಬೀದಿಗಿಳಿದರು. ಅವರ ಬಗ್ಗೆ ಬೇರೆಯೇ ಉಪನ್ಯಾಸ ಬೇಕು.

ಚೀಟಿ ಬಂತು, ಐದು ನಿಮಿಷವಂತೆ. ಉಳಿದದ್ದು ಬೇಗ ಹೇಳುತ್ತೇನೆ. ರೀಡ್ ಜೊತೆ ಗೆದ್ದವನು ಹಳೆಯ ಶಿಕ್ಷೆಯ ಕಾರಣಕ್ಕೆ ಸದಸ್ಯತ್ವ ಕಳಕೊಂಡ. ಲಂಡನ್ನಿನ ಡೆಪ್ಟ್‌ಫರ್ಡ್ ವಾರ್ಡಿನ ಉಪಚುನಾವಣೆಯಲ್ಲಿ ಫ್ರಂಟ್ ಮತ್ತು ಪಾರ್ಟಿ ಎರಡೂ ನಿಂತು, ಓಟು ಹಂಚಿಕೊಂಡು, ಲೇಬರ್ ಪಕ್ಷ ಗೆದ್ದಿತು. ಕೂಡಿಸಿದರೆ ಇವರದೇ ಜಾಸ್ತಿ ಇತ್ತು. ಜಗಳ ನಮಗೆ ಉಪಕಾರವನ್ನೇ ಮಾಡಿತು ಅನ್ನಿ. ಪಕ್ಷ ಕರಗಿತು, 1985ರಲ್ಲಿ ರೀಡ್ ತೀರಿಕೊಂಡ. ಟಿಂಡಲ್ ಮಾತ್ರ ಫ್ರಂಟನ್ನೂ ಬಿಟ್ಟು 1982ರಲ್ಲಿ ಬ್ರಿಟಿಷ್ ನ್ಯಾಷನಲ್ ಪಾರ್ಟಿ ಕಟ್ಟಿದ. 1993ರಲ್ಲಿ ಅದು ಪೂರ್ವ ಲಂಡನ್ನಿನಲ್ಲಿ ಮೊದಲ ಸೀಟು ಗೆದ್ದಿತು. ಅದನ್ನು ಮುಂದಿನ ಭಾಷಣಕಾರರು ಹೇಳುತ್ತಾರೆ.