ನಮ್ಮೂರ ಸಾಲಿ, ಅದರ ದಾಖಲಾತಿ ಪುಸ್ತಕ

ನಮಸ್ಕಾರ್ರಿ ಎಲ್ಲಾರಿಗೂ. ನಾನು ಕೊಪ್ಪಳ ತಾಲೂಕಿನ ಒಂದು ಸಣ್ಣ ಹಳ್ಳಿಯಾಂವ. ಅಲ್ಲಿ ಸರ್ಕಾರಿ ಪ್ರಾಥಮಿಕ ಸಾಲಿಯೊಳಗ ಓದಿ, ಮುಂದ ಅದೇ ಸಾಲಿಗೆ ಮಾಸ್ತರಾಗಿ ಹನ್ನೊಂದು ವರ್ಷ ಪಾಠ ಹೇಳಿ ರಿಟೈರ್ ಆದಾಂವ. ಇವತ್ತು ಆ ಸಾಲಿ ಕತಿ ಹೇಳಾಕ ಬಂದೀನಿ.

ನಮ್ಮ ಸಾಲಿ ಗ್ವಾಡಿ ಮ್ಯಾಗ ದೊಡ್ಡ ಅಕ್ಷರದಾಗ "ಸ್ಥಾಪನೆ 1952" ಅಂತ ಬರದೈತಿ. ಅದು ಸರ್ಕಾರದ ಲೆಕ್ಕ. ಊರಿನ ಲೆಕ್ಕ ಬ್ಯಾರೆ ಐತ್ರಿ. ಅದಕ್ಕಿಂತ ಎಷ್ಟೋ ಮೊದ್ಲ ಹನುಮಪ್ಪನ ಗುಡಿ ಪೌಳ್ಯಾಗ ಸಾಲಿ ನಡೀತಿತ್ತು, ನಮ್ಮಜ್ಜ ಅಲ್ಲೇ ಅಕ್ಷರ ಕಲ್ತಾಂವ. ಹಳ್ಳದಿಂದ ಉಸುಕು ತಂದು, ಜರಡಿ ಹಿಡಿದು, ನೆಲದ ಮ್ಯಾಗ ತೆಳ್ಳಗ ಹಾಸಿ ಬೆರಳಿಲೆ ತಿದ್ದೋದು, ತಪ್ಪಾದ್ರ ಅಂಗೈಲೆ ಸವರಿ ಮತ್ತ ಬರಿಯೋದು. ಪಾಟಿ ಬಳಪ ಎಲ್ಲಾ ಆಮ್ಯಾಲಿನ ಮಾತು. ಆ ಅಯ್ಯನೋರಿಗೆ ಪಗಾರ ಅಂತ ಇರ್ಲಿಲ್ಲ, ಸುಗ್ಗಿ ಬಂದ್ರ ಮನಿಗೊಂದಿಷ್ಟು ಜೋಳ, ಅಮಾಸಿಗೆ ಎಣ್ಣಿ, ಬ್ಯಾಳಿ, ಅಷ್ಟ. ಅಜ್ಜ ಸಾಯೋ ಹೊತ್ತಿಗೂ ಬೆರಳಿಲೆ ನೆಲದ ಮ್ಯಾಗ ತನ್ನ ಹೆಸರು ಬರೀತಿದ್ದ, ಪೆನ್ನು ಕೊಟ್ರ ಕೈ ನಡುಗ್ತಿತ್ತು.

ಆಗ ನಮ್ಮ ಸೀಮಿ ನಿಜಾಮನ ರಾಜ್ಯದಾಗ ಇತ್ರಿ. ಕೊಪ್ಪಳ ಅಂದ್ರ ನಿಜಾಮನ ದಿವಾನರ ಮನೆತನ ಸಾಲಾರ್ ಜಂಗ್‌ರ ಜಾಗೀರು. ಹೊಳಿ ಆಚೆಕಡಿ ಹೊಸಪೇಟಿ ಮದ್ರಾಸ್ ಸರ್ಕಾರಕ್ಕ ಸೇರಿತ್ತು, ಈಚೆಕಡಿ ಕಚೇರಿ ಕಾಗದ ಎಲ್ಲಾ ಉರ್ದು. ಮ್ಯಾಲೆ ಮ್ಯಾಲೆ ಓದಬೇಕಂದ್ರ ಉರ್ದುನೇ ಕಲೀಬೇಕು. 1918ರಾಗ ಹೈದರಾಬಾದಿನ್ಯಾಗ ಶುರುವಾದ ಉಸ್ಮಾನಿಯಾ ಯೂನಿವರ್ಸಿಟಿ ಸೈತ ಉರ್ದುನ್ಯಾಗೇ ಪಾಠ ಹೇಳ್ತಿತ್ತು. ಖಾಸಗಿ ಸಾಲಿ ತೆಗಿಯಾಕ ಪರವಾನಗಿ ಬೇಕಾಗಿತ್ತು. ಅಂಥಾದ್ರಾಗ ಗುಡ್ಯಾಗ ಕುಂತು ಕನ್ನಡ ಕಲಿಸಿದ ಆ ಅಯ್ಯನೋರನ್ನ ನಾನು ನಮ್ಮ ಸಾಲಿಯ ಮೊದಲ್ನೇ ಮಾಸ್ತರ್ ಅಂತೀನಿ, ಯಾವ ರಿಜಿಸ್ಟರಿನ್ಯಾಗೂ ಅವರ ಹೆಸರು ಇಲ್ಲದಿದ್ರೂ.

1948ರಾಗ ನಿಜಾಮನ ಪರ ಇದ್ದ ರಜಾಕಾರ ಪಡಿ ಹಾವಳಿಯಾಗ ಗುಡಿ ಸಾಲಿ ಬಂದ್ ಆತು. ಊರಿನ ಹರೇದ ಹುಡುಗ್ರು ನಿಜಾಮನ ವಿರುದ್ಧ ಹೋರಾಡೋರ ಮುಂಡರಗಿ ಶಿಬಿರಕ್ಕ ಹೋದ್ರು, ಉಳದವ್ರು ಹೆಂಡ್ರು ಮಕ್ಕಳನ್ನ ಕರ್ಕೊಂಡು ಗಡಿ ದಾಟಿದ್ರು. ಸಪ್ಟೆಂಬರ್ 17ಕ್ಕ ಹೈದರಾಬಾದ್ ಶರಣಾತು, ಮಂದಿ ಹೊಳ್ಳಿ ಬಂದ್ರು, ನಾಕು ವರ್ಷಕ್ಕ ಎರಡು ಕೋಲಿಯ ಸಾಲಿ ಎದ್ದು ನಿಂತ್ತು. 1956ಕ್ಕ ನಾವು ಮೈಸೂರು ರಾಜ್ಯದವ್ರಾದ್ವಿ, 1997ಕ್ಕ ರಾಯಚೂರು ಜಿಲ್ಲಾದಿಂದ ಕೊಪ್ಪಳ ಬ್ಯಾರೆ ಆತು. ಸಾಲಿ ಮಾತ್ರ ಅಲ್ಲೇ, ಅದೇ ಬೇವಿನ ಗಿಡದ ಬಾಜೂಕ.

ಈಗ ದಾಖಲಾತಿ ಪುಸ್ತಕದ ಮಾತಿಗೆ ಬರ್ತೀನಿ. ಆಫೀಸ್ ಕೋಲ್ಯಾಗ ಕಬ್ಬಿಣದ ಅಲಮಾರಿ ಐತಿ, ಅದರ ತಳದಾಗ ಕೆಂಪು ಬಟ್ಟ್ಯಾಗ ಸುತ್ತಿ ಇಟ್ಟಿತ್ತು. ಅಂಚು ಎಲ್ಲಾ ಗೆದ್ದಲು ತಿಂದೈತಿ, ಮಸಿ ಕಂದು ಬಣ್ಣಕ್ಕ ತಿರುಗೇತಿ. ಮೊದಲ್ನೇ ಹಾಳಿಯೊಳಗ ಹುಟ್ಟಿದ ವರ್ಷ 1355 ಫಸಲಿ ಅಂತ ಐತಿ. ಫಸಲಿ ಅಂದ್ರ ನಿಜಾಮನ ಸರ್ಕಾರದ ವರ್ಷದ ಲೆಕ್ಕ, ಅದು ನಮ್ಮ 1945-46. ನಿಜಾಮ ಹೋದ್ರೂ ಮಂದಿ ಬಾಯಾಗ ಫಸಲಿನೇ ಇತ್ತು, ಹೊಲದ ಕಾಗದ ಎಲ್ಲಾ ಅದರಾಗ ಇದ್ವಲ್ರಿ, ಮಾಸ್ತರೂ ಹಂಗ ಬರಕೊಂಡಾರ. ಮುಂದಿನ ಹಾಳ್ಯಾಗ ಅರ್ಧ ಊರು ಜೂನ್ ಒಂದಕ್ಕ ಹುಟ್ಟೇತಿ! ಯಾರಿಗೂ ತಾರೀಖು ಗೊತ್ತಿರ್ಲಿಲ್ಲ, ಬಲಗೈ ತಲಿ ಮ್ಯಾಗಿಂದ ಹಾಯಿಸಿ ಎಡಕಿವಿ ಮುಟ್ಟಿದ್ರ ಆರು ವರ್ಷ ತುಂಬ್ಯಾವ ಅಂತ ಹೆಸರು ಹಚ್ಚೋದು. ನನ್ನ ಜನ್ಮದಿನಾನೂ ಹಂಗೇ ಬಂದಿದ್ದು.

ಕಡೀ ಕಾಲಮ್ಮು ಸಾಲಿ ಬಿಟ್ಟ ಕಾರಣ. ಅದನ್ನ ಓದುವಾಗ ನನಗ ಹೊಟ್ಟ್ಯಾಗ ಸಂಕಟ ಆಗ್ತದ. ದನ ಕಾಯಾಕ. ಜೀತಕ್ಕ. ಗುಳೆ. ಗುಳೆ. ಬರ ಬಿದ್ದ ವರ್ಷ ಹಾಳಿ ತುಂಬ ಅದೊಂದ ಶಬ್ದ. 2002ರ ಜೂನಿನ್ಯಾಗ ಅಕ್ಷರ ದಾಸೋಹ ಮೊದ್ಲು ನಮ್ಮ ಕಡಿ ಜಿಲ್ಲಾಗಳಿಗೇ ಬಂತಲ್ರಿ, ಆಗ ನಾನು ಅದೇ ಸಾಲ್ಯಾಗ ಇದ್ದೆ. ಬಿಸಿ ಅನ್ನ ಸಾರಿನ ವಾಸನಿ ಬಂದ್ರ ಮಕ್ಕಳು ತಾಟು ಬಡಿಯೋರು. ಅವ್ವ ಅಪ್ಪ ಗುಳೆ ಹೋದ್ರೂ ಕೆಲವು ಮಕ್ಕಳು ಅಜ್ಜಿ ಹತ್ರ ಉಳದು ಸಾಲಿಗೆ ಬರಾಕ ಹತ್ತಿದ್ವು. ಇದು ನಾನು ಕಣ್ಣಾರೆ ನೋಡಿದ್ದು.

ಆ ಪುಸ್ತಕದಾಗ ಮೊದಲ್ನೇ ಮೂವತ್ತು ಹೆಸರಿನೊಳಗ ಹುಡುಗಿ ಒಬ್ಬಾಕಿನೇ. ನಮ್ಮ ಅಪ್ಪನ ತಂಗಿ, ನನ್ನ ಸೋದರತ್ತಿ. ಸೇರಿದ್ದು ಜೂನಿನ್ಯಾಗ, ಬಿಟ್ಟಿದ್ದು ಶ್ರಾವಣದಾಗ, ಕಾರಣ ಕೂಸು ಹಿಡಿಯಾಕ. ಕೂಸು ಅಂದ್ರ ಆಕಿ ತಮ್ಮ. ಆಕಿ ಸಾಲಿ ಕಲ್ತಿದ್ಲು ಅಂತ ನಮ್ಮ ಮನ್ಯಾಗ ಯಾರೂ ಒಂದಿನ ಹೇಳಿರ್ಲಿಲ್ಲ, ಆಕಿನೂ ಹೇಳಿರ್ಲಿಲ್ಲ. ನಾನು ಆ ಹಾಳಿ ಮೊಬೈಲ್‌ನಾಗ ಫೋಟೋ ಹೊಡ್ಕೊಂಡು ಆಕಿ ಹತ್ರ ಹೋದೆ. ಕಟ್ಟಿ ಮ್ಯಾಗ ಕುಂತು ಅವರಿಕಾಯಿ ಸುಲೀತಿದ್ಲು. ಇಲ್ನೋಡತ್ತಿ, ನಿನ್ನ ಹೆಸರು ಐತಿ ಅಂದೆ. ಮೊರ ಸರಿಸಿ, ಕೈ ಸೀರಿಗೆ ಒರಸ್ಕೊಂಡು, ಫೋನು ಹತ್ರ ಹಿಡಿದು ಬಾಳ ಹೊತ್ತು ನೋಡಿದ್ಲು. ಆಮ್ಯಾಲ ಕೇಳಿದ್ಲು, "ನಾ ಹುಟ್ಟಿದ್ದು ಯಾವಾಗಂತ ಬರದಾರೇನೋ?" 1356 ಫಸಲಿ ಅಂತ ಐತಿ, ಎಂಬತ್ತರ ಹತ್ರ ಬಂದಿ ನೋಡತ್ತಿ ಅಂದೆ. "ಹೌದಾ?" ಅಂದ್ಲು. "ಒಳಗ ಹೋಗಿ ನಿಮ್ಮ ಮಾಮಾಗೂ ತೋರಿಸು, ನನ್ನ ಹೆಸರು ಬರದದ್ದು."