ಮಂಡಿ ಅಳೆದಿರಿ, ಮನಸ್ಸು ಅಳೆದಿರಾ?

ಕೇಳುಗರಿಗೆ ನಮಸ್ಕಾರ.

ಕಬಡ್ಡಿ, ವಾಲಿಬಾಲ್, ಫುಟ್‌ಬಾಲ್ ಆಡುವವರ ಮನೆಗಳಲ್ಲಿ ಎಸಿಎಲ್ ಅನ್ನುವ ಹೆಸರು ಹೊಸದಲ್ಲ. ಮಂಡಿಯೊಳಗಿನ ಲಿಗಮೆಂಟ್ ಅದು. ಹರಿದರೆ ಆಪರೇಷನ್, ಆಮೇಲೆ ಒಂಬತ್ತು ತಿಂಗಳಾದರೂ ಕಸರತ್ತು. ಕೊನೆಗೆ ಏನು ಮಾಡುತ್ತೇವೆ? ತೊಡೆಯ ಬಲ ನೋಡುತ್ತೇವೆ, ಒಂಟಿ ಕಾಲಲ್ಲಿ ಕುಪ್ಪಳಿಸಲು ಹೇಳಿ ಟೇಪು ಹಿಡಿಯುತ್ತೇವೆ. ಆಪರೇಷನ್ ಆದ ಕಾಲು ಇನ್ನೊಂದು ಕಾಲಿನ ಶೇಕಡಾ 90ರಷ್ಟು ದೂರ ಹಾರಿತೋ, ‘ಹೋಗಪ್ಪಾ, ಆಡು’ ಅಂದುಬಿಡುತ್ತೇವೆ. ಮನಸ್ಸನ್ನು ಯಾರೂ ಕೇಳುವುದಿಲ್ಲ. ಇವತ್ತು ನಾನು ಹೇಳುವುದು ಅದೊಂದೇ: ಮನಸ್ಸನ್ನೂ ಕೇಳಿ, ಕೇಳಿ ಅಂಕ ಬರೆದಿಡಿ.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಡೆರಿಕ್ ರೋಸ್ ಹೆಸರು ಕೆಲವರಾದರೂ ಕೇಳಿರುತ್ತೀರಿ. 22ನೇ ವಯಸ್ಸಿಗೇ ಅಲ್ಲಿನ ದೊಡ್ಡ ಲೀಗ್ ಎನ್‌ಬಿಎಯ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡವರು. 2012ರ ಏಪ್ರಿಲ್ 28, ಷಿಕಾಗೊದಲ್ಲಿ ಪಂದ್ಯ. ತಂಡ ಹೆಚ್ಚು ಕಡಿಮೆ ಗೆದ್ದಾಗಿತ್ತು, ಒಂದೂವರೆ ನಿಮಿಷವೂ ಉಳಿದಿರಲಿಲ್ಲ. ಬುಟ್ಟಿಯ ಕಡೆ ನುಗ್ಗಿದವರು ಗಕ್ಕನೆ ಕಾಲೂರಿದರು, ಎಡಮಂಡಿಯ ಎಸಿಎಲ್ ಹರಿಯಿತು. ಮೇ ತಿಂಗಳಲ್ಲಿ ಆಪರೇಷನ್. ಮರುವರ್ಷ ಮಾರ್ಚ್ ಹೊತ್ತಿಗೆ ಡಾಕ್ಟರು ಆಡಬಹುದು ಅಂದರು. ತಂಡದ ಜೊತೆ ಪ್ರಾಕ್ಟೀಸೂ ನಡೆದಿತ್ತು. ಆದರೂ ಆ ಸೀಸನ್ ಪೂರ್ತಿ ಒಂದು ಪಂದ್ಯಕ್ಕೂ ಇಳಿಯಲಿಲ್ಲ. ಪತ್ರಿಕೆಗಳು ಬೈದವು, ಅಭಿಮಾನಿಗಳು ಬೈದರು. ಡಾಕ್ಟರೇ ಹೇಳಿದ ಮೇಲೆ ಇನ್ನೇನು ಅಂತ. ಮಂಡಿ ಸಿದ್ಧವಾಗಿತ್ತು, ಅದರ ಮೇಲಿನ ನಂಬಿಕೆ ಸಿದ್ಧವಾಗಿರಲಿಲ್ಲ. ಇದನ್ನು ಹೆದರುಪುಕ್ಕಲುತನ ಅನ್ನುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಮುಂದಿನ ಅಕ್ಟೋಬರಿನಲ್ಲಿ ಅವರು ಅಂಗಳಕ್ಕೆ ಮರಳಿದರು. ನವೆಂಬರಿನಲ್ಲಿ ಬಲಮಂಡಿಗೆ ಪೆಟ್ಟಾದದ್ದು ಬೇರೆ ಮಾತು.

ಈ ನಂಬಿಕೆಯನ್ನು ಅಳೆಯಲು ಬರುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕೇಟ್ ವೆಬ್‌ಸ್ಟರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಮಾಪಕಕ್ಕೆ ಎಸಿಎಲ್-ಆರ್‌ಎಸ್‌ಐ ಅಂತ ಹೆಸರು. ಹನ್ನೆರಡೇ ಪ್ರಶ್ನೆ. ಐದು ಭಾವನೆಯ ಬಗ್ಗೆ: ಆಡಲು ಅಳುಕು ಇದೆಯೇ, ಮತ್ತೆ ಪೆಟ್ಟಾದೀತೆಂಬ ಭಯವಿದೆಯೇ, ಹೀಗೆ. ಐದು ಆತ್ಮವಿಶ್ವಾಸದ ಬಗ್ಗೆ: ಆಡುವಾಗ ಮಂಡಿ ಜಾರುವುದಿಲ್ಲ ಅನ್ನುವ ಧೈರ್ಯ ಇದೆಯೇ, ಮೊದಲಿನ ಹಾಗೆ ಆಡಬಲ್ಲಿರಾ. ಉಳಿದೆರಡು ಅಪಾಯದ ಲೆಕ್ಕಾಚಾರದ ಬಗ್ಗೆ. ಒಂದೊಂದಕ್ಕೂ ಸೊನ್ನೆಯಿಂದ 100ರವರೆಗೆ ಅಂಕ. ಎಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿ. ಒಟ್ಟು 540 ಬಂದರೆ 45. ಅಂಕ ಹೆಚ್ಚಿದ್ದಷ್ಟೂ ಮನಸ್ಸು ಸಿದ್ಧ. ಐದು ನಿಮಿಷದ ಕೆಲಸ.

ತಪ್ಪು ಎಲ್ಲಾಗುತ್ತದೆ ಗೊತ್ತೇ? ಭಯದ ಪ್ರಶ್ನೆಯಲ್ಲಿ. ಅಲ್ಲಿ ಸೊನ್ನೆ ಅಂದರೆ ವಿಪರೀತ ಭಯ, 100 ಅಂದರೆ ಭಯವೇ ಇಲ್ಲ. ಕಾಗದ ಕೈಗೆ ಕೊಡದೆ ಬಾಯಲ್ಲೇ ‘ಭಯ ಎಷ್ಟು?’ ಅಂತ ಕೇಳಿದರೆ ಹುಡುಗಿ ‘80’ ಅನ್ನುತ್ತಾಳೆ, ತುಂಬಾ ಭಯ ಅನ್ನುವ ಅರ್ಥದಲ್ಲಿ. ನೀವು 80 ಬರೆದುಕೊಳ್ಳುತ್ತೀರಿ. ನಡುಗುತ್ತಿರುವವಳಿಗೆ ಒಳ್ಳೆಯ ಅಂಕ! ಆದ್ದರಿಂದ ಎರಡೂ ತುದಿಯ ಅರ್ಥವನ್ನು ಪ್ರತಿ ಪ್ರಶ್ನೆಗೂ ಓದಿ ಹೇಳಿ. ಇನ್ನೊಂದು, ಕೋಚ್ ಆಗಲಿ ಅಪ್ಪ ಆಗಲಿ ಪಕ್ಕದಲ್ಲಿ ನಿಂತಿರಬಾರದು. ನಿಂತರೆ ಎಲ್ಲಕ್ಕೂ 90, 100.

ಒಂದು ಸಲ ಕೇಳಿದರೆ ಸಾಲದು. ಆಪರೇಷನ್‌ಗೆ ಮುಂಚೆ ಒಮ್ಮೆ, ಮೂರು, ಆರು, ಒಂಬತ್ತು ತಿಂಗಳಿಗೆ ಮತ್ತೆ ಮತ್ತೆ ಕೇಳಿ. ಆರನೇ ತಿಂಗಳಿಂದ ಒಂಬತ್ತಕ್ಕೆ ಅಂಕ ಏರದೆ ನಿಂತಿದ್ದರೆ ಒಟ್ಟು ಮೊತ್ತ ಬಿಡಿ, ಯಾವ ಪ್ರಶ್ನೆಗೆ ಕಡಿಮೆ ಬಂದಿದೆ ನೋಡಿ. ಮಂಡಿ ಜಾರುವ ಭಯವಾದರೆ ಕಬಡ್ಡಿ ರೈಡರನ್ನು ಮೊದಲು ಖಾಲಿ ಅಂಕಣದಲ್ಲಿ ದಿಕ್ಕು ಬದಲಿಸಿ ಓಡಿಸಿ. ಆಮೇಲೆ ಒಬ್ಬ ಡಿಫೆಂಡರ್ ಎದುರಿರಲಿ, ಮುಟ್ಟುವಂತಿಲ್ಲ. ಅದಾದ ಮೇಲೆ ಹಗುರಾಗಿ ಹಿಡಿಯಲಿ. ಪ್ರತಿ ಮೆಟ್ಟಿಲಿಗೂ ಅದೇ ಪ್ರಶ್ನೆ ಮತ್ತೆ ಕೇಳಿ.

ಹೊತ್ತಾಯಿತು. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದಾಗ ಸಿಕ್ಕ ಲೆಕ್ಕವೊಂದಿದೆ: ಈ ಆಪರೇಷನ್ ಆದ 100 ಮಂದಿಯಲ್ಲಿ 81 ಮಂದಿ ಯಾವುದಾದರೊಂದು ಆಟಕ್ಕೆ ಮರಳುತ್ತಾರೆ, ಸ್ಪರ್ಧೆಗೆ ಮರಳುವವರು 55. ನಿಮ್ಮ ತಂಡದಲ್ಲಿ ಹಾಗೆ ಹಿಂದೆ ಉಳಿದವರು ಯಾರಾದರೂ ಇದ್ದರೆ, ಟೇಪಿನ ಜೊತೆಗೆ ಆ ಹನ್ನೆರಡು ಪ್ರಶ್ನೆಯ ಹಾಳೆಯನ್ನೂ ನಾಳೆ ಮೈದಾನಕ್ಕೆ ಒಯ್ಯಿರಿ. ನಮಸ್ಕಾರ.