ಬೆಳಕಿನ ಕೂಗಳತೆ

ಕೇಳುಗರಿಗೆ ನಮಸ್ಕಾರ.

ಶಿರಸಿ ಕಡೆಯ ಹಳ್ಳಿಯಲ್ಲಿ ಆಚೆಮನೆ ಎಷ್ಟು ದೂರ ಎಂದು ಕೇಳಿ ನೋಡಿ. 'ಇಲ್ಲೇ, ಕೂಗಳತೆ' ಎನ್ನುತ್ತಾರೆ. ಮೀಟರಿಲ್ಲ, ಮಾರಿಲ್ಲ, ಗಂಟಲೇ ಅಳತೆಗೋಲು. ತೋಟದಲ್ಲಿದ್ದ ಅಪ್ಪನನ್ನು ಚಹಾಕ್ಕೆ ಕರೆಯಲು ಆಯಿ ಅಂಗಳದ ತುದಿಗೆ ನಿಂತು ಒಂದು 'ಕೂ' ಹಾಕುತ್ತಿದ್ದಳು. ಅಪ್ಪ ಓಗೊಡುವ ಮೊದಲೇ ಎದುರಿನ ಧರೆಗೆ, ಅಂದರೆ ಕಡಿದಾದ ಮಣ್ಣಿನ ದಿಬ್ಬಕ್ಕೆ, ಬಡಿದ ಅವಳದೇ 'ಕೂ' ವಾಪಸು ಬರುತ್ತಿತ್ತು. ಎರಡು ಸೆಕೆಂಡು ಹಿಡಿದರೆ ಧರೆ 340 ಮೀಟರ್ ದೂರ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಆದರೆ ಹೋಗಿ ಬರುವ ದಾರಿ ಎರಡು ಪಟ್ಟು. ಶಾಲೆಯಲ್ಲಿ ಇದನ್ನು ಮರೆತು ನಾನು ಮಾರ್ಕು ಕಳೆದುಕೊಂಡಿದ್ದೆ.

ಸಾಮಾನ್ಯ ದೂರದರ್ಶಕಕ್ಕೆ ಬರೀ ಚುಕ್ಕೆಯಾಗಿ ಕಾಣುವ ಒಂದು ಜಾಗವನ್ನು ಖಗೋಳ ವಿಜ್ಞಾನಿಗಳು ಅಳೆಯುವುದೂ ಹೀಗೇ. ಸಕ್ರಿಯ ಗ್ಯಾಲಕ್ಸಿಗಳ ನಡುಮನೆ ಅದು. ಅಲ್ಲಿ ಕೋಟಿಗಟ್ಟಲೆ ಸೂರ್ಯರ ತೂಕದ ಕಪ್ಪುಕುಳಿ, ಅದರೊಳಕ್ಕೆ ಸುತ್ತುತ್ತ ಇಳಿಯುವ ಬಿಸಿ ಅನಿಲದ ತಟ್ಟೆ. ತಟ್ಟೆ ಒಂದೇ ಸಮ ಉರಿಯುವುದಿಲ್ಲ. ಹಸಿ ಕಟ್ಟಿಗೆಯ ಒಲೆಯ ಹಾಗೆ ಒಮ್ಮೆ ಭಗ್ಗೆನ್ನುತ್ತದೆ, ಒಮ್ಮೆ ಮಂಕಾಗುತ್ತದೆ. ಆ ಭಗ್ಗೆಂದದ್ದೇ ಇಲ್ಲಿ 'ಕೂ'.

ಎನ್‌ಜಿಸಿ 5548 ಎಂಬ ಗ್ಯಾಲಕ್ಸಿ ಸುಮಾರು 24 ಕೋಟಿ ಜ್ಯೋತಿರ್ವರ್ಷ ಆಚೆಗಿದೆ. 1988ರ ಡಿಸೆಂಬರಿನಿಂದ 1989ರ ಆಗಸ್ಟ್‌ವರೆಗೆ ಐಯುಇ ಉಪಗ್ರಹ ನಾಲ್ಕು ದಿನಕ್ಕೊಮ್ಮೆ ಅದರ ಅತಿನೇರಳೆ ಬೆಳಕನ್ನು ಅಳೆಯಿತು. ಕಣ್ಣಿಗೆ ಕಾಣುವ ಬೆಳಕನ್ನು ನೆಲದ ದೂರದರ್ಶಕಗಳು ನೋಡಿಕೊಂಡವು. ನಡುವಿನ ತಟ್ಟೆ ಬೆಳಗಿ ಸುಮಾರು 20 ದಿನವಾದ ಮೇಲೆ ಸುತ್ತಲಿನ ಜಲಜನಕದ ಮೋಡಗಳು ಬೆಳಗಿದವು. ಇಲ್ಲಿ ಎರಡರಿಂದ ಭಾಗಿಸುವ ಗೋಜಿಲ್ಲ. 'ಕೂ' ಹಾಕಿದವರು ನಾವಲ್ಲವಲ್ಲ, ನಾವು ದೂರ ನಿಂತು ಕೂಗನ್ನೂ ಮಾರ್ದನಿಯನ್ನೂ ಕೇಳಿಸಿಕೊಂಡ ಮೂರನೆಯವರು. ಹಾಗಾಗಿ ಮೋಡಗಳು ಇರುವುದು ಬೆಳಕು 20 ದಿನ ಓಡುವಷ್ಟು ದೂರದಲ್ಲಿ, ಅಂದರೆ ಹತ್ತಿರ ಹತ್ತಿರ 52,000 ಕೋಟಿ ಕಿಲೋಮೀಟರ್. ಮೋಡಗಳ ವೇಗವನ್ನು ಅವುಗಳ ರೋಹಿತದ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನ, ಗೆರೆಯ ಅಗಲ ಹೇಳುತ್ತದೆ. ದೂರ, ವೇಗ ಎರಡೂ ಸಿಕ್ಕರೆ ಕಪ್ಪುಕುಳಿಯನ್ನೇ ತಕ್ಕಡಿಗೆ ಹಾಕಿದಂತಾಯಿತು. ತೂಕ ಆರೇಳು ಕೋಟಿ ಸೂರ್ಯರಷ್ಟು.

2014ರಲ್ಲಿ ಹಬಲ್ ಮತ್ತು ಸ್ವಿಫ್ಟ್ ಉಪಗ್ರಹಗಳು ಅದೇ ಗ್ಯಾಲಕ್ಸಿಯ ತಟ್ಟೆಯನ್ನೇ ಅಳೆಯಹೊರಟವು. ತಟ್ಟೆಯ ಒಳಗಂಚು ಹೆಚ್ಚು ಬಿಸಿ, ಅಲ್ಲಿಂದ ಬರುವುದು ಅತಿನೇರಳೆ. ಹೊರಹೊರಗೆ ಹೋದಂತೆ ಬಿಸಿ ಇಳಿದು ಬೆಳಕು ಕೆಂಪಿನ ಕಡೆ ವಾಲುತ್ತದೆ. ಏರಿಳಿತವೂ ಅದೇ ಸರದಿಯಲ್ಲಿ ಬಂತು, ಮೊದಲು ಅತಿನೇರಳೆ, ಆಮೇಲೆ ನೀಲಿ, ಕೊನೆಗೆ ಕೆಂಪು. ಆದರೆ ನಡುವಿನ ತಡ ಹೆಚ್ಚಾಗಿತ್ತು. ಪುಸ್ತಕದ ಲೆಕ್ಕಕ್ಕಿಂತ ತಟ್ಟೆ ಸುಮಾರು ಮೂರು ಪಟ್ಟು ದೊಡ್ಡದು ಎಂದಾಯಿತು. ಯಾಕೆ ಎಂಬ ಪಂಚಾಯ್ತಿ ಇನ್ನೂ ಮುಗಿದಿಲ್ಲ. ನನಗೆ ರುಚಿಸುವುದೂ ಈ ಪಂಚಾಯ್ತಿಯೇ.

ಸಕ್ರಿಯ ಗ್ಯಾಲಕ್ಸಿಗಳಲ್ಲೇ ಬ್ಲೇಜಾರ್ ಎಂಬವುಗಳದ್ದು ಬೇರೆ ಸ್ವಭಾವ. ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಧಾರೆ ನಮ್ಮತ್ತಲೇ ಮುಖ ಮಾಡಿರುತ್ತದೆ, ದೇವಗಡ ದ್ವೀಪದ ದೀಪಸ್ತಂಭದ ಬೆಳಕು ನೇರ ಕಣ್ಣಿಗೆ ಹೊಡೆದ ಹಾಗೆ. ಇಂಥದ್ದೇ ಒಂದಾದ ಬಿಎಲ್ ಲ್ಯಾಸರ್ಟೆಯನ್ನು 1929ರಲ್ಲಿ ಖಗೋಳ ವಿಜ್ಞಾನಿ ಕೂನೊ ಹಾಫ್‌ಮೈಸ್ಟರ್ ಹೊಳಪು ಏರಿಳಿಯುವ ನಕ್ಷತ್ರವೆಂದೇ ಬರೆದುಕೊಂಡಿದ್ದರು. ಅದು ರೇಡಿಯೊ ಅಲೆಗಳನ್ನು ಸೂಸುತ್ತಿದೆ ಎಂದು ಗೊತ್ತಾದದ್ದು 1968ರಲ್ಲಿ. ಹೆಸರು ಮಾತ್ರ ಇವತ್ತಿಗೂ ನಕ್ಷತ್ರದ್ದೇ. ಇಂಥವುಗಳ ಗಾಮಾ ಕಿರಣ ಕೆಲವೊಮ್ಮೆ ನಿಮಿಷಗಳಲ್ಲೇ ಇಮ್ಮಡಿಯಾಗುತ್ತದೆ. ರೇಡಿಯೊ ಉಬ್ಬರ ಎಷ್ಟೋ ಸಲ ವಾರ, ತಿಂಗಳು ತಡ. ಧಾರೆಯ ಬುಡದಲ್ಲಿ ರೇಡಿಯೊ ಅಲೆ ಅಲ್ಲೇ ಇಂಗಿಹೋಗುತ್ತದೆ, ಉಬ್ಬರ ಸಾಕಷ್ಟು ಮುಂದೆ ಬಂದ ಮೇಲಷ್ಟೇ ಹೊರಬೀಳುತ್ತದೆ.

ಹಾಗಾಗಿ ಒಂದೇ ಕಿಟಕಿಯಲ್ಲಿ ಇಣುಕಿದರೆ ಅರ್ಧ ಕಥೆ. 2015ರ ಸೆಪ್ಟೆಂಬರ್ 28ರಂದು ಹಾರಿದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ ಅತಿನೇರಳೆ, ಕ್ಷಕಿರಣ ಎರಡನ್ನೂ ಒಂದೇ ಹೊತ್ತಿಗೆ ನೋಡುವಂತೆ ಕಟ್ಟಿದ್ದು. ಮೋಡ ಕವಿದರೆ ಲಡಾಖಿನ ಹಾನ್ಲೆಯಲ್ಲಿರುವ ದೂರದರ್ಶಕಕ್ಕೆ ಕೆಲಸವಿಲ್ಲ. ಪುಣೆಯ ಆಚೆಗಿನ, ರೇಡಿಯೊ ಅಲೆ ಹಿಡಿಯುವ ದೂರದರ್ಶಕ ಜಿಎಂಆರ್‌ಟಿಯ 30 ಆಂಟೆನಾಗಳಿಗೆ ಮೋಡದ ಹಂಗಿಲ್ಲ. ಕಾರವಾರದ ಜಡಿಮಳೆಯಲ್ಲೂ ನನ್ನ ಮಾತನ್ನು ನಿಮ್ಮ ಮನೆಗೆ ತರುವುದು ಅದೇ ಜಾತಿಯ ಅಲೆ.

ಮುಂಗಾರಿಗೆ ಮೊದಲು, ಮೇ ಕೊನೆಯ ಒಂದು ರಾತ್ರಿ ಹತ್ತೂವರೆಗೆ ಕಡಲ ದಂಡೆಗೆ ಹೋಗಿ. ಸಪ್ತರ್ಷಿಗಳ ಬಾಲದ ಬಾಗನ್ನು ಹಿಡಿದು ಮುಂದೆ ಸಾಗಿದರೆ ನೆತ್ತಿಯ ಹತ್ತಿರ ಕಿತ್ತಳೆ ಬಣ್ಣದ ನಕ್ಷತ್ರ ಸಿಗುತ್ತದೆ. ಸ್ವಾತಿ ಮಳೆ ಅನ್ನುತ್ತೇವಲ್ಲ, ಅದೇ ಸ್ವಾತಿ. ಕೈ ಚಾಚಿ, ಅಲ್ಲಿಂದ ಉತ್ತರಕ್ಕೆ ಮೂರ್ನಾಲ್ಕು ಬೆರಳಗಲ ಅಳೆಯಿರಿ. ಬರಿಗಣ್ಣಿಗೆ ಅಲ್ಲಿ ಏನೂ ಕಾಣದು. ಎನ್‌ಜಿಸಿ 5548 ಇರುವುದು ಅಲ್ಲೇ.

ನಮಸ್ಕಾರ.